ಲೆಕ್ಕಕ್ಕೆ ಮೊದಲು ಪ್ರಶ್ನೆ

ಅಂಕಿ-ಅಂಶಗಳೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಉದ್ದುದ್ದದ ಪಟ್ಟಿಗಳು, ಶೇಕಡಾ ಲೆಕ್ಕಗಳು, ಏರಿಳಿಯುವ ರೇಖಾಚಿತ್ರಗಳು. ಸಂಖ್ಯಾಶಾಸ್ತ್ರವೆಂದರೆ ಇವುಗಳನ್ನು ತಪ್ಪಿಲ್ಲದೆ ಮಾಡುವ ವಿದ್ಯೆಯೆಂದು ಹಲವರು ಭಾವಿಸಿದ್ದಾರೆ. ಕೂಡಿಸುವುದು, ಭಾಗಿಸುವುದು, ಸರಾಸರಿ ತೆಗೆಯುವುದು ಇವೆಲ್ಲ ಆ ಶಾಸ್ತ್ರದ ಅಂಗಗಳೆಂಬುದು ನಿಜ. ಆದರೆ ಅವು ಎರಡನೆಯ ಹೆಜ್ಜೆ. ಯಾವ ಪ್ರಶ್ನೆಗೆ ಉತ್ತರ ಬೇಕಾಗಿದೆಯೆಂಬುದನ್ನು ಸ್ಪಷ್ಟವಾಗಿ ಗೊತ್ತುಮಾಡಿಕೊಳ್ಳುವುದೇ ಮೊದಲನೆಯ ಹೆಜ್ಜೆ. ಅದನ್ನು ಇಡದೆ ಎರಡನೆಯದಕ್ಕೆ ಕಾಲೆತ್ತಿದವರ ಪಾಡು ಏನಾಗುತ್ತದೆಂಬುದನ್ನು ನಾವು ಸ್ವತಃ ಅನುಭವಿಸಿದ್ದೇವೆ. ಆದುದರಿಂದ ಆ ಅನುಭವದಿಂದಲೇ ಈ ಲೇಖನವನ್ನು ಆರಂಭಿಸುತ್ತೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಸಂಘದ ಸಭೆಯೊಂದರಲ್ಲಿ, "ಶಾಲೆಯಲ್ಲಿ ಮಕ್ಕಳು ಏಕೆ ಕಡಿಮೆಯಾಗುತ್ತಿದ್ದಾರೆ?" ಎಂಬ ಪ್ರಶ್ನೆ ಎದ್ದಿತು. ಮುಂದಿನ ಸಭೆಗೆ ಲೆಕ್ಕ ಒಪ್ಪಿಸುವುದಾಗಿ ನಾವು ಮಾತು ಕೊಟ್ಟೆವು. ಹಳೆಯ ಅಡ್ಮಿಶನ್ ರಿಜಿಸ್ಟರುಗಳನ್ನು ಕಪಾಟಿನಿಂದ ಇಳಿಸಿ, ಧೂಳು ಕೊಡವಿ, ಎರಡು ತಿಂಗಳ ಸಂಜೆಗಳನ್ನು ಅವುಗಳ ಮುಂದೆ ಕಳೆದೆವು. ತರಗತಿವಾರು, ವರ್ಷವಾರು, ಗಂಡು ಹೆಣ್ಣು ಬೇರೆಬೇರೆಯಾಗಿ ಹತ್ತು ವರ್ಷಗಳ ಪಟ್ಟಿ ಸಿದ್ಧವಾಯಿತು. ಶೇಕಡಾ ಲೆಕ್ಕವನ್ನು ಎರಡೆರಡು ಬಾರಿ ತಾಳೆ ನೋಡಿದೆವು. ಸಭೆಯಲ್ಲಿ ಎಲ್ಲರೂ ಮೆಚ್ಚಿದರು. ಆದರೆ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯ ಕೃಷಿಕರೊಬ್ಬರು ಪಟ್ಟಿಯನ್ನು ಬಹಳ ಹೊತ್ತು ನೋಡಿ ಹೀಗೆಂದರು: "ಮಾಸ್ಟ್ರೇ, ಪಟ್ಟಿ ಚೆನ್ನಾಗಿದೆ. ಆದರೆ ಇದನ್ನು ನೋಡಿ ನಾಳೆ ಬೆಳಗ್ಗೆ ನಾವು ಮಾಡಬೇಕಾದ್ದು ಏನು? ಊರಿನಲ್ಲಿ ಹುಟ್ಟುವ ಮಕ್ಕಳೇ ಕಡಿಮೆಯಾಗಿದ್ದಾರೋ? ಹುಟ್ಟಿದವರು ಬೇರೆ ಶಾಲೆಗೆ ಹೋಗುತ್ತಿದ್ದಾರೋ? ಅಲ್ಲ, ಇಲ್ಲಿಗೆ ಸೇರಿ ನಡುವೆ ಬಿಟ್ಟು ಹೋಗುತ್ತಿದ್ದಾರೋ?"

ನಮ್ಮಲ್ಲಿ ಉತ್ತರವಿರಲಿಲ್ಲ. ಊರಿನಲ್ಲಿ ಮಕ್ಕಳೇ ಕಡಿಮೆಯಾಗಿದ್ದರೆ ಶಾಲೆಯನ್ನು ಎಷ್ಟು ಚೊಕ್ಕಟವಾಗಿ ನಡೆಸಿದರೂ ಸಂಖ್ಯೆ ಇಳಿಯುತ್ತದೆ. ಬೇರೆ ಶಾಲೆಗೆ ಹೋಗುತ್ತಿದ್ದರೆ ಹೆತ್ತವರ ಮನಸ್ಸಿನಲ್ಲಿ ಇರುವುದನ್ನು ತಿಳಿಯಬೇಕು. ನಡುವೆ ಬಿಡುತ್ತಿದ್ದರೆ ದೋಷ ನಮ್ಮ ತರಗತಿಗಳೊಳಗೇ ಇರಬಹುದು. ಮೂರು ಬೇರೆ ಬೇರೆ ರೋಗಗಳು, ಮೂರು ಬೇರೆ ಬೇರೆ ಮದ್ದುಗಳು. ನಮ್ಮ ಪಟ್ಟಿಯಲ್ಲಿ ಮೂರೂ ಒಂದೇ ಅಂಕೆಯೊಳಗೆ ಕಲಸಿಹೋಗಿದ್ದವು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದಂತೆ, ಪ್ರಶ್ನೆ ಹುಟ್ಟುವ ಮೊದಲೇ ನಾವು ಉತ್ತರದ ಪಟ್ಟಿಯನ್ನು ಹೊಲಿದಿದ್ದೆವು.

"ಮಕ್ಕಳು ಕಡಿಮೆಯಾಗುತ್ತಿದ್ದಾರೆ" ಎಂಬುದು ಒಂದು ಅಳಲು. ಅಳಲು ಸುಳ್ಳಲ್ಲ, ಆದರೆ ಅದನ್ನು ಎಣಿಸಲಾಗದು. ಅಳಲನ್ನು ಎಣಿಸಬಹುದಾದ ಪ್ರಶ್ನೆಯನ್ನಾಗಿ ಮಾರ್ಪಡಿಸುವುದಕ್ಕೆ ಸಮಸ್ಯೆಯ ನಿರೂಪಣೆಯೆಂದು ಹೆಸರು. ಇದು ಸಣ್ಣ ಊರಿನ ಶಾಲಾ ಮಾಸ್ತರರು ಮಾತ್ರ ಎಡವುವ ಜಾಗವಲ್ಲ. ಜಗತ್ಪ್ರಸಿದ್ಧರಾದ ಪಂಡಿತರೂ ಇಲ್ಲಿ ಎಡವಿದ್ದಾರೆ. ಅಂಥದೊಂದು ಕಥೆಯನ್ನು ವಿದ್ಯಾರ್ಥಿಗಳು ಅವಶ್ಯವಾಗಿ ತಿಳಿದಿರಬೇಕು.

ಹತ್ತೊಂಬತ್ತನೆಯ ಶತಮಾನದ ಲಂಡನ್ ನಗರವನ್ನು ಕಾಲರಾ ರೋಗವು ಮತ್ತೆ ಮತ್ತೆ ಕಾಡಿತು. ರೋಗಾಣುಗಳ ವಿಚಾರ ಆಗ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಕೊಳೆತ ವಸ್ತುಗಳಿಂದ ಏಳುವ ಕೆಟ್ಟ ಗಾಳಿಯೇ ರೋಗಕ್ಕೆ ಕಾರಣವೆಂದು ಬಹುಮಂದಿ ವೈದ್ಯರು ನಂಬಿದ್ದರು. ಇಂಗ್ಲೆಂಡಿನ ಜನನ-ಮರಣ ನೋಂದಣಿ ಕಚೇರಿಯಲ್ಲಿ ಅಂಕಿ-ಅಂಶಗಳ ಹೊಣೆ ಹೊತ್ತಿದ್ದ ವಿಲಿಯಂ ಫಾರ್ ಎಂಬವರು ಆ ಕಾಲದ ಅತ್ಯಂತ ಸಮರ್ಥ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರು. ೧೮೪೯ರ ಕಾಲರಾದಲ್ಲಿ ಸತ್ತವರ ಲೆಕ್ಕವನ್ನು ಅವರು ಬಡಾವಣೆವಾರು ಪರಿಶೀಲಿಸಿದರು. ಕೆಟ್ಟ ಗಾಳಿ ತಗ್ಗಿನಲ್ಲಿ ದಟ್ಟವಾಗಿರುತ್ತದೆಂಬ ನಂಬಿಕೆಯಿಂದ, "ನೆಲದ ಎತ್ತರಕ್ಕೂ ಸಾವಿಗೂ ಏನು ಸಂಬಂಧ?" ಎಂದು ಕೇಳಿಕೊಂಡರು. ಉತ್ತರ ಅಚ್ಚರಿ ಹುಟ್ಟಿಸುವಷ್ಟು ಅಚ್ಚುಕಟ್ಟಾಗಿ ಬಂದಿತು. ಥೇಮ್ಸ್ ನದಿಯ ಮಟ್ಟದಿಂದ ನೆಲವು ಮೇಲೇರಿದಂತೆಲ್ಲ ಸಾವಿನ ಪ್ರಮಾಣ ಕ್ರಮವಾಗಿ ಇಳಿಯುತ್ತಿತ್ತು. ೧೮೫೨ರಲ್ಲಿ ಅವರು ಇದನ್ನು ಪ್ರಕಟಿಸಿದರು.

ಈ ಲೆಕ್ಕದಲ್ಲಿ ಒಂದು ಅಂಕೆಯೂ ತಪ್ಪಾಗಿರಲಿಲ್ಲವೆಂದೇ ಇಟ್ಟುಕೊಳ್ಳೋಣ. ಆದರೂ ಅದು ರೋಗದ ಕಾರಣವನ್ನು ತೋರಿಸಲಿಲ್ಲ. ಏಕೆಂದರೆ ತಗ್ಗಿನಲ್ಲಿ ವಾಸಿಸುವವರು ಕುಡಿಯುತ್ತಿದ್ದ ನೀರೂ ಬೇರೆಯಾಗಿತ್ತು. ಅವರಲ್ಲಿ ಬಹುಮಂದಿಗೆ ನಗರದ ಕೊಳಚೆ ಬಂದು ಸೇರುವ ನದೀಭಾಗದ ನೀರೇ ಗತಿ. ಎತ್ತರವೂ ನೀರೂ ಜೊತೆಜೊತೆಯಾಗಿ ಬದಲಾಗುತ್ತಿದ್ದುದರಿಂದ, ಎತ್ತರವನ್ನು ಕೇಳಿದವರಿಗೆ ಎತ್ತರವೇ ಉತ್ತರವಾಗಿ ಕಂಡಿತು.

ಅದೇ ನಗರದಲ್ಲಿದ್ದ ಜಾನ್ ಸ್ನೋ ಎಂಬ ವೈದ್ಯರಿಗೆ ನೀರಿನ ಮೇಲೆ ಗುಮಾನಿಯಿತ್ತು. ೧೮೫೪ರಲ್ಲಿ ಕಾಲರಾ ಮರಳಿ ಬಂದಾಗ ಅವರು ಬೇರೆ ಬಗೆಯಲ್ಲಿ ಯೋಚಿಸಿದರು. ದಕ್ಷಿಣ ಲಂಡನ್ನಿನ ಅನೇಕ ಬೀದಿಗಳಲ್ಲಿ ಎರಡು ಕಂಪೆನಿಗಳ ಕೊಳವೆಗಳು ಹಾದುಹೋಗಿದ್ದವು. ಒಂದು ಮನೆಗೆ ಒಂದು ಕಂಪೆನಿಯ ನೀರು, ಪಕ್ಕದ ಮನೆಗೆ ಇನ್ನೊಂದರದು. ಲ್ಯಾಂಬೆತ್ ಕಂಪೆನಿಯು ೧೮೫೨ರಲ್ಲಿ ತನ್ನ ನೀರೆತ್ತುವ ಸ್ಥಳವನ್ನು ನಗರದ ಕೊಳಚೆ ಮುಟ್ಟದ ಮೇಲ್ಭಾಗಕ್ಕೆ ಬದಲಾಯಿಸಿತ್ತು. ಸದರ್ಕ್ ಮತ್ತು ವಾಕ್ಸಾಲ್ ಕಂಪೆನಿಯು ಇನ್ನೂ ಕೊಳಚೆ ಸೇರಿದ ಭಾಗದಿಂದಲೇ ನೀರೆತ್ತುತ್ತಿತ್ತು. ಬೀದಿ ಒಂದೇ, ಗಾಳಿ ಒಂದೇ, ನೆಲದ ಎತ್ತರ ಒಂದೇ. ಎರಡೂ ಕಂಪೆನಿಗಳ ಗಿರಾಕಿಗಳಲ್ಲಿ ಬಡವರೂ ಇದ್ದರು, ಸಿರಿವಂತರೂ ಇದ್ದರು. ಬೇರೆಯಾಗಿದ್ದುದು ನೀರು ಮಾತ್ರ. "ಈ ಎರಡು ನೀರುಗಳನ್ನು ಕುಡಿದ ಮನೆಗಳಲ್ಲಿ, ಪ್ರತಿ ಹತ್ತು ಸಾವಿರ ಮನೆಗಳಿಗೆ ಎಷ್ಟು ಸಾವುಗಳು?" ಎಂಬುದೇ ಸ್ನೋ ಅವರು ರೂಪಿಸಿಕೊಂಡ ಪ್ರಶ್ನೆ.

ಪ್ರಶ್ನೆ ಹೀಗೆ ನಿಂತ ಮೇಲೆ, ಯಾವ ಅಂಕೆ ಬೇಕು ಯಾವುದು ಬೇಡ ಎಂಬುದು ತಾನಾಗಿಯೇ ಗೊತ್ತಾಯಿತು. ಅವರು ಸತ್ತವರ ಮನೆಗಳಿಗೆ ಹೋಗಿ, ಯಾವ ಕಂಪೆನಿಯ ನೀರೆಂದು ವಿಚಾರಿಸಿದರು. ಮನೆಯವರಿಗೆ ತಿಳಿಯದಿದ್ದ ಕಡೆ ನೀರಿನಲ್ಲಿರುವ ಉಪ್ಪಿನ ಅಂಶವನ್ನು ರಾಸಾಯನಿಕವಾಗಿ ಪರೀಕ್ಷಿಸಿ ಗುರುತಿಸಿದರು. ಮೊದಲ ಏಳು ವಾರಗಳ ಲೆಕ್ಕ ಹೀಗಿತ್ತು: ಸದರ್ಕ್ ಮತ್ತು ವಾಕ್ಸಾಲ್ ಕಂಪೆನಿಯ ೪೦,೦೪೬ ಮನೆಗಳಲ್ಲಿ ೧,೨೬೩ ಸಾವುಗಳು, ಲ್ಯಾಂಬೆತ್ ಕಂಪೆನಿಯ ೨೬,೧೦೭ ಮನೆಗಳಲ್ಲಿ ೯೮ ಸಾವುಗಳು. ವಿದ್ಯಾರ್ಥಿಗಳು ಭಾಗಾಕಾರ ಮಾಡಿ ನೋಡಬಹುದು. ಹತ್ತು ಸಾವಿರ ಮನೆಗಳಿಗೆ ಮೊದಲನೆಯದರಲ್ಲಿ ಸುಮಾರು ೩೧೫, ಎರಡನೆಯದರಲ್ಲಿ ಸುಮಾರು ೩೭. ಎಂಟು ಪಟ್ಟಿಗೂ ಮಿಕ್ಕಿದ ಅಂತರ. ಇಲ್ಲಿ ಬಳಸಿದ ಗಣಿತವು ಏಳನೆಯ ತರಗತಿಯ ಮಕ್ಕಳಿಗೂ ಎಟಕುವಂಥದು.

ಫಾರ್ ಅವರ ದೊಡ್ಡತನವನ್ನೂ ಇಲ್ಲಿ ಹೇಳಲೇಬೇಕು. ಸತ್ತವರ ವಿಳಾಸಗಳನ್ನು ಸ್ನೋ ಅವರಿಗೆ ಒದಗಿಸಿದವರು ಅವರೇ. ದಕ್ಷಿಣ ಭಾಗದ ನೋಂದಣಾಧಿಕಾರಿಗಳು ಪ್ರತಿ ಸಾವಿನ ಜೊತೆ ಆ ಮನೆಗೆ ಬರುವ ನೀರಿನ ವಿವರವನ್ನೂ ಬರೆಯುವಂತೆ ಮಾಡಿದವರೂ ಅವರೇ. ೧೮೬೬ರಲ್ಲಿ ಪೂರ್ವ ಲಂಡನ್ನಿನಲ್ಲಿ ಕಾಲರಾ ಕಾಣಿಸಿಕೊಂಡಾಗ ಸ್ನೋ ಬದುಕಿರಲಿಲ್ಲ. ಆಗ ನೀರಿನ ಕಾರಣವನ್ನು ಅಂಕೆಗಳಿಂದ ಎತ್ತಿ ತೋರಿಸಿದವರಲ್ಲಿ ಫಾರ್ ಮುಂದಾಳಾಗಿದ್ದರು. ತನ್ನ ಹಳೆಯ ಪ್ರಶ್ನೆ ಸಾಲದೆಂದು ಒಪ್ಪಿಕೊಂಡು ಹೊಸ ಪ್ರಶ್ನೆಯನ್ನು ಹಿಡಿಯುವ ಧೈರ್ಯ ಎಲ್ಲ ಪಂಡಿತರಿಗೂ ಇರುವುದಿಲ್ಲ.

ನಮ್ಮ ದೇಶದಲ್ಲಿಯೂ ಇದಕ್ಕೆ ಉತ್ತಮ ನಿದರ್ಶನವಿದೆ. ೧೯೨೬ರಲ್ಲಿ ಒಡಿಶಾದ ಬ್ರಾಹ್ಮಣಿ ನದಿಯಲ್ಲಿ ಭಾರಿ ನೆರೆ ಬಂದಿತು. ನದಿಯ ತಳ ಹೂಳಿನಿಂದ ಮೇಲೆದ್ದಿದೆ, ಆದುದರಿಂದ ದಂಡೆಯ ಏರಿಗಳನ್ನು ಇನ್ನೂ ಎತ್ತರಿಸಬೇಕೆಂದು ಎಂಜಿನಿಯರುಗಳ ಸಮಿತಿ ಅಭಿಪ್ರಾಯಪಟ್ಟಿತು. ಹಾಗಾದರೆ ಉಳಿಯುವ ಲೆಕ್ಕ ಒಂದೇ: ಎಷ್ಟು ಅಡಿ ಎತ್ತರಿಸಬೇಕು? ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಪ್ರಶಾಂತಚಂದ್ರ ಮಹಾಲನೋಬಿಸರು ಆ ಲೆಕ್ಕಕ್ಕೆ ಕೈಹಾಕುವ ಮೊದಲು ಹಿಂದಕ್ಕೆ ಒಂದು ಹೆಜ್ಜೆ ಇಟ್ಟು, "ತಳ ನಿಜವಾಗಿಯೂ ಮೇಲೆದ್ದಿದೆಯೇ?" ಎಂದು ಕೇಳಿದರು. ಸುಮಾರು ೬೦ ವರ್ಷಗಳ ದಾಖಲೆಗಳನ್ನು ಶೋಧಿಸಿ, ತಳ ಗಮನಾರ್ಹವಾಗಿ ಏರಿಲ್ಲವೆಂದೂ ಮೇಲ್ಭಾಗದ ಜಲಾನಯನ ಪ್ರದೇಶದಲ್ಲಿ ಸುರಿದ ಅಧಿಕ ಮಳೆಯೇ ನೆರೆಗೆ ಕಾರಣವೆಂದೂ ತೋರಿಸಿದರು. ಪರಿಹಾರವನ್ನು ಹುಡುಕಬೇಕಾದ ಸ್ಥಳ ದಂಡೆಯಲ್ಲ, ಮೇಲ್ಭಾಗದಲ್ಲಿ ನೀರನ್ನು ತಡೆಹಿಡಿಯುವ ಅಣೆಕಟ್ಟುಗಳು ಎಂಬ ತೀರ್ಮಾನಕ್ಕೆ ಇದು ದಾರಿ ಮಾಡಿತು.

ಎತ್ತು ಈಯಿತೆಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದ ಗಾದೆಯ ಯಜಮಾನನನ್ನು ನಾವೆಲ್ಲ ನಗುತ್ತೇವೆ. ಪ್ರಶ್ನೆಯೊಳಗೆ ಅಡಗಿರುವ ನಂಬಿಕೆಯನ್ನು ಪರೀಕ್ಷಿಸದೆ ಲೆಕ್ಕ ಮಾಡುವವನೂ ಅದೇ ಯಜಮಾನನ ನೆಂಟ. ಮಹಾಲನೋಬಿಸರು ೧೯೩೧ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದರು. ಅವರ ಜನ್ಮದಿನವಾದ ಜೂನ್ ೨೯ನ್ನು ೨೦೦೭ರಿಂದ ರಾಷ್ಟ್ರೀಯ ಸಂಖ್ಯಾಶಾಸ್ತ್ರ ದಿನವಾಗಿ ಆಚರಿಸಲಾಗುತ್ತಿದೆ. ೧೯೩೮ರಲ್ಲಿ ಕಲ್ಕತ್ತೆಯಲ್ಲಿ ನಡೆದ ಸಂಖ್ಯಾಶಾಸ್ತ್ರ ಸಮ್ಮೇಳನದಲ್ಲಿ ಇಂಗ್ಲೆಂಡಿನ ರೊನಾಲ್ಡ್ ಫಿಶರರು ಅಧ್ಯಕ್ಷಭಾಷಣ ಮಾಡುತ್ತ, ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನನ್ನು ಕರೆಯುವುದು ಶವಪರೀಕ್ಷೆಗೆ ಕರೆದಂತೆ ಎಂಬರ್ಥದ ಮಾತನ್ನು ಆಡಿದರು. ಯಾವ ರೋಗದಿಂದ ಸತ್ತಿತೆಂದು ಅವನು ಹೇಳಬಲ್ಲ, ಬದುಕಿಸಲಾರ. ನಮ್ಮ ಹತ್ತು ವರ್ಷಗಳ ಪಟ್ಟಿಯನ್ನು ನೆನೆದಾಗಲೆಲ್ಲ ಈ ಮಾತು ನಮ್ಮ ಮನಸ್ಸಿಗೆ ಬರುತ್ತದೆ.

ಇನ್ನು ನಮ್ಮ ಕಾಸರಗೋಡಿನ ಕಡೆಗೆ ತಿರುಗೋಣ. "ಶಾಲೆಯಲ್ಲಿ ಕನ್ನಡ ಮಕ್ಕಳು ಎಷ್ಟು?" ಎಂಬ ಪ್ರಶ್ನೆಯಷ್ಟು ಸರಳವಾದುದು ಯಾವುದಿದೆ ಎಂದು ತೋರಬಹುದು. ಆದರೆ ನಮ್ಮ ತರಗತಿಗಳಲ್ಲಿ ಕುಳಿತ ಮಕ್ಕಳ ಮನೆಮಾತನ್ನು ವಿಚಾರಿಸಿ ನೋಡಿರಿ. ಒಬ್ಬನದು ತುಳು, ಒಬ್ಬಳದು ಹವ್ಯಕರ ಕನ್ನಡ, ಇನ್ನೊಬ್ಬಳದು ಕೊಂಕಣಿ, ಮತ್ತೊಬ್ಬನದು ಮರಾಠಿ, ಬ್ಯಾರಿ ಅಥವಾ ಮಲೆಯಾಳ. ಎಲ್ಲರೂ ಕಲಿಯುವುದು ಕನ್ನಡದಲ್ಲಿ. ಇವರಲ್ಲಿ ಕನ್ನಡದ ಮಕ್ಕಳು ಯಾರು?

೨೦೧೧ರ ಜನಗಣತಿಯ ಪ್ರಕಾರ ಮಾತೃಭಾಷೆಯೆಂದರೆ ಬಾಲ್ಯದಲ್ಲಿ ತಾಯಿಯು ಆ ವ್ಯಕ್ತಿಯೊಡನೆ ಆಡಿದ ಭಾಷೆ. ಆದರೆ ೧೯೪೯ರ ಆಗಸ್ಟಿನಲ್ಲಿ ಸೇರಿದ ಪ್ರಾಂತಗಳ ಶಿಕ್ಷಣ ಸಚಿವರ ಸಮ್ಮೇಳನವು ಬೇರೆ ಸೂತ್ರವನ್ನು ಹಾಕಿಕೊಟ್ಟಿತು. ಇಡೀ ಶಾಲೆಯಲ್ಲಿ ೪೦ ಮಂದಿ, ಅಥವಾ ಒಂದು ತರಗತಿಯಲ್ಲಿ ೧೦ ಮಂದಿ ಒಂದು ಭಾಷೆಯ ಮಕ್ಕಳಿದ್ದರೆ, ಆ ಭಾಷೆಯಲ್ಲಿ ಕಲಿಸಲು ಒಬ್ಬ ಅಧ್ಯಾಪಕರನ್ನಾದರೂ ನೇಮಿಸಬೇಕು. ಹೆತ್ತವರು ಅಥವಾ ರಕ್ಷಕರು ಯಾವುದನ್ನು ಮಾತೃಭಾಷೆಯೆಂದು ಘೋಷಿಸುತ್ತಾರೋ ಅದೇ ಮಾತೃಭಾಷೆ. ತುಳು ಮನೆಯ ಹುಡುಗನೊಬ್ಬನು ಜನಗಣತಿಯ ಪುಸ್ತಕದಲ್ಲಿ ತುಳುವನಾಗಿಯೂ, ತಂದೆಯ ಘೋಷಣೆಯ ಮೇರೆಗೆ ಶಾಲೆಯ ಪುಸ್ತಕದಲ್ಲಿ ಕನ್ನಡಿಗನಾಗಿಯೂ ಇರಬಹುದು. ಎರಡೂ ಲೆಕ್ಕ ಸರಿಯೇ. ಪ್ರಶ್ನೆಗಳು ಬೇರೆ. ಒಂದನ್ನು ಇನ್ನೊಂದರ ಜಾಗದಲ್ಲಿ ಇಟ್ಟು ವಾದಿಸಿದರೆ ಮಾತ್ರ ತಪ್ಪಾಗುತ್ತದೆ. ಆ ತಪ್ಪಿನ ಬೆಲೆ ಒಬ್ಬ ಅಧ್ಯಾಪಕನ ಹುದ್ದೆಯಾಗಬಹುದು, ಒಂದು ತರಗತಿಯೇ ಆಗಬಹುದು. ೧೯೫೬ರಲ್ಲಿ ಸಂವಿಧಾನಕ್ಕೆ ಸೇರಿಸಲ್ಪಟ್ಟ ೩೫೦ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಕರ್ಯವನ್ನು ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಹೇಳುತ್ತದೆ. ಆ ಹಕ್ಕನ್ನು ಕೇಳುವವರು ತಮ್ಮ ಲೆಕ್ಕದ ಅರ್ಥವನ್ನು ತಾವು ಮೊದಲು ತಿಳಿದಿರಬೇಕು.

ಹಾಗಾದರೆ ಯಾವುದೇ ಲೆಕ್ಕಕ್ಕೆ ಕುಳಿತುಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದುದೇನು? ನಮ್ಮ ಅನುಭವದಲ್ಲಿ ಐದು ಪ್ರಶ್ನೆಗಳು ಸಾಕಾಗುತ್ತವೆ.

ಮೊದಲನೆಯದು, ಉತ್ತರ ದೊರೆತ ಮೇಲೆ ನಾವು ಮಾಡುವುದೇನು? ಉತ್ತರ ಹೀಗಿದ್ದರೂ ಹಾಗಿದ್ದರೂ ನಮ್ಮ ನಡೆ ಬದಲಾಗದೆಂದಾದರೆ ಆ ಲೆಕ್ಕದ ಶ್ರಮ ವ್ಯರ್ಥ.

ಎರಡನೆಯದು, ಯಾರನ್ನು ಎಣಿಸುತ್ತೇವೆ? ಶಾಲೆಗೆ ಬಂದವರನ್ನು ಮಾತ್ರ ನೋಡಿದರೆ, ಬಾರದವರ ಕಾರಣ ಎಂದಿಗೂ ತಿಳಿಯದು. ನಮ್ಮ ರಿಜಿಸ್ಟರಿನಲ್ಲಿ ಹೆಸರಿಲ್ಲದ ಮಗುವೇ ನಮ್ಮ ಪ್ರಶ್ನೆಯ ಮುಖ್ಯ ಪಾತ್ರವಾಗಿತ್ತು.

ಮೂರನೆಯದು, ಏನನ್ನು, ಯಾವ ದಿನ, ಯಾವ ಅಳತೆಯಲ್ಲಿ? ಕೇರಳದ ಶಾಲೆಗಳಲ್ಲಿ ವರ್ಷಾರಂಭದ ಆರನೆಯ ಕೆಲಸದ ದಿನದ ಎಣಿಕೆಯು ಅಧ್ಯಾಪಕ ಹುದ್ದೆಗಳ ನಿರ್ಣಯಕ್ಕೆ ಆಧಾರವೆಂಬುದನ್ನು ಹೆತ್ತವರು ಬಲ್ಲರು. ಆ ದಿನದ ಸಂಖ್ಯೆಯನ್ನು ಒಂದು ವರ್ಷಕ್ಕೂ ಮಾರ್ಚ್ ತಿಂಗಳ ಸಂಖ್ಯೆಯನ್ನು ಇನ್ನೊಂದು ವರ್ಷಕ್ಕೂ ಹಿಡಿದು ಹೋಲಿಸಿದರೆ, ಇಲ್ಲದ ಇಳಿತ ಕಂಡೀತು, ಇರುವ ಇಳಿತ ಮರೆಯಾದೀತು. ಅಡಿಕೆಯ ಫಸಲಿನಲ್ಲಿಯೂ ಹಾಗೆಯೇ. ಹಸಿ ಅಡಿಕೆಯ ತೂಕವೇ, ಒಣಗಿಸಿ ಸುಲಿದದ್ದೇ, ಮರವೊಂದಕ್ಕೇ, ಎಕರೆಗೇ ಎಂದು ಹೇಳದೆ ಕೊಟ್ಟ ಅಂಕೆಗೆ ಅರ್ಥವಿಲ್ಲ.

ನಾಲ್ಕನೆಯದು, ಯಾವುದರೊಡನೆ ಹೋಲಿಕೆ? "ಈ ವರ್ಷ ಹೊಸ ಮದ್ದು ಬಿಟ್ಟೆವು, ಕೊಳೆರೋಗ ಕಡಿಮೆಯಾಯಿತು" ಎಂದು ತೋಟದ ಯಜಮಾನರು ಹೇಳುತ್ತಾರೆ. ಕಳೆದ ವರ್ಷ ಆಟಿಯ ಮಳೆ ಬಿಡದೆ ಹೊಯ್ದು, ಈ ವರ್ಷ ನಡುನಡುವೆ ಬಿಸಿಲು ಕಂಡಿದ್ದರೆ, ರೋಗವನ್ನು ತಗ್ಗಿಸಿದ್ದು ಮದ್ದೋ ಬಿಸಿಲೋ? ಅದೇ ತೋಟದಲ್ಲಿ, ಅದೇ ಮಳೆಯಲ್ಲಿ, ಒಂದು ಸಾಲಿಗೆ ಹಳೆಯ ಮದ್ದು, ಒಂದು ಸಾಲಿಗೆ ಹೊಸ ಮದ್ದು ಬಿಟ್ಟು ನೋಡಿದವರಿಗೆ ಮಾತ್ರ ಉತ್ತರ ಸಿಕ್ಕೀತು. ಸ್ನೋ ಅವರು ಒಂದೇ ಬೀದಿಯ ಎರಡು ಮನೆಗಳನ್ನು ಹೋಲಿಸಿದ್ದು ಇದೇ ಕಾರಣಕ್ಕಾಗಿ.

ಐದನೆಯದು, ಯಾವ ಉತ್ತರ ಬಂದರೆ ನಮ್ಮ ನಂಬಿಕೆ ತಪ್ಪೆಂದು ಒಪ್ಪಿಕೊಳ್ಳುತ್ತೇವೆ? ಇದನ್ನು ಮೊದಲೇ ಬರೆದಿಡಬೇಕು. ಬರೆದಿಡದಿದ್ದರೆ ಯಾವ ಉತ್ತರ ಬಂದರೂ ನಮಗೆ ಬೇಕಾದಂತೆ ಅರ್ಥಮಾಡುವ ಚಪಲ ಮನುಷ್ಯರೆಲ್ಲರಿಗೂ ಇದ್ದೇ ಇದೆ. ಮುಖ್ಯೋಪಾಧ್ಯಾಯರು ಇದಕ್ಕೆ ಹೊರತಲ್ಲ.

ಇಂದು ಗಣಕಯಂತ್ರಕ್ಕೆ ಅಂಕೆಗಳನ್ನು ಉಣಿಸಿದರೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಸರಾಸರಿಯೂ ಚಿತ್ರಪಟವೂ ಸಿದ್ಧ. ನಮ್ಮ ಎರಡು ತಿಂಗಳ ಸಂಜೆಗಳ ಕೆಲಸ ಅದಕ್ಕೆ ಒಂದು ನಿಮಿಷದ್ದು. ಆದರೆ ತಪ್ಪು ಪ್ರಶ್ನೆಗೂ ಅದು ಅಷ್ಟೇ ವೇಗವಾಗಿ, ಅಷ್ಟೇ ಅಂದವಾಗಿ ಉತ್ತರ ಕೊಡುತ್ತದೆ. ಆದುದರಿಂದ ಮೊದಲ ಹೆಜ್ಜೆಯ ಹೊಣೆ ಹಿಂದಿಗಿಂತ ಈಗ ಹೆಚ್ಚಾಗಿದೆ.

ಈಗ ನಮ್ಮ ಹಳೆಯ ಅಳಲಿಗೆ ಮರಳೋಣ. ಹಿರಿಯರ ಮಾತನ್ನು ನೆನಪಿನಲ್ಲಿಟ್ಟುಕೊಂಡು ನಾವು ಪ್ರಶ್ನೆಯನ್ನು ಹೀಗೆ ತಿದ್ದಿಕೊಂಡಿದ್ದೇವೆ: "ನಮ್ಮ ಶಾಲೆಗೆ ನಡೆದು ಬರಬಹುದಾದ ಮನೆಗಳಲ್ಲಿ, ಬರುವ ಜೂನ್ ತಿಂಗಳಿಗೆ ಒಂದನೆಯ ತರಗತಿಯ ವಯಸ್ಸು ತುಂಬುವ ಮಕ್ಕಳು ಎಷ್ಟು ಮಂದಿ? ಅವರಲ್ಲಿ ನಮ್ಮಲ್ಲಿಗೆ ಸೇರುವವರೆಷ್ಟು? ಸೇರದವರು ಎಲ್ಲಿಗೆ, ಯಾವ ಕಾರಣದಿಂದ ಹೋಗುತ್ತಾರೆ?" ಮಕ್ಕಳೇ ಕಡಿಮೆಯಿದ್ದರೆ, ದೂರದ ಬೈಲುಗಳಿಂದ ಮಕ್ಕಳನ್ನು ಕರೆತರುವ ವಾಹನದ ವಿಚಾರವನ್ನು ಸಂಘವು ಯೋಚಿಸಬೇಕಾಗುತ್ತದೆ. ಇಂಗ್ಲಿಷ್ ಕಲಿಕೆ ಸಾಲದೆಂಬ ಕಾರಣವಿದ್ದರೆ ನಮ್ಮ ಇಂಗ್ಲಿಷ್ ಪಾಠವನ್ನು ಬಲಪಡಿಸಬೇಕು. ಮಕ್ಕಳು ಮೂರನೆಯ ವಯಸ್ಸಿಗೇ ಬೇರೆ ಕಡೆಯ ಶಿಶುತರಗತಿಗೆ ಸೇರಿ ಅಲ್ಲೇ ಉಳಿಯುತ್ತಿದ್ದಾರೆಂದಾದರೆ ಒಂದನೆಯ ತರಗತಿಯ ಬಾಗಿಲಲ್ಲಿ ಕಾದು ಕುಳಿತರೆ ಪ್ರಯೋಜನವಿಲ್ಲ. ಉತ್ತರಕ್ಕೆ ತಕ್ಕ ಕೆಲಸ ಮೊದಲೇ ಗೊತ್ತಾಗಿದೆ. ಇಂಗ್ಲಿಷಿನ ಮೋಹವೇ ಎಲ್ಲಕ್ಕೂ ಮೂಲವೆಂಬುದು ನಮ್ಮ ನಂಬಿಕೆ. ಕಾರಣ ಹೇಳಿದ ಮನೆಗಳಲ್ಲಿ ಅರ್ಧಕ್ಕಿಂತ ಕಡಿಮೆ ಮನೆಯವರು ಅದನ್ನು ಹೇಳಿದರೆ ನಮ್ಮ ನಂಬಿಕೆ ತಪ್ಪೆಂದು ಒಪ್ಪುವುದಾಗಿ ಸಂಘದ ಪುಸ್ತಕದಲ್ಲಿ ಬರೆದಿಟ್ಟಿದ್ದೇವೆ.

ಈ ಬೇಸಗೆಯ ರಜೆಯಲ್ಲಿ ಹಿರಿಯ ತರಗತಿಗಳ ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ಒಂದು ಹಾಳೆಯನ್ನು ಹಿಡಿದು ತಮ್ಮ ಮನೆಗಳಿಗೆ ಬರಲಿದ್ದಾರೆ. ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೆ. ಮಾಸ್ತರರಿಗೆ ಬೇಸರವಾದೀತೆಂದು ಸಿಹಿಯಾದ ಉತ್ತರವನ್ನು ಬರೆಸಬೇಡಿರಿ. ನಿಮ್ಮ ಮಗುವನ್ನು ಬೇರೆ ಶಾಲೆಗೆ ಕಳುಹಿಸಿದ್ದರೆ ಅಥವಾ ಕಳುಹಿಸಲಿದ್ದರೆ ಕಾರಣವನ್ನು ಇದ್ದಂತೆ ಹೇಳಿರಿ. ಹಾಳೆಯ ಮೇಲೆ ಮನೆಯ ಹೆಸರನ್ನು ಬರೆಯುವುದಿಲ್ಲ. ವಿದ್ಯಾರ್ಥಿಗಳಿಗೂ ಒಂದು ಮಾತು: ಕೇಳಿದ್ದನ್ನೇ ಬರೆಯಿರಿ, ನಿಮಗೆ ತೋರಿದ್ದನ್ನು ಸೇರಿಸಬೇಡಿರಿ.

ಲೆಕ್ಕವು ಮುಂದಿನ ವರ್ಷದ ಸಂಚಿಕೆಯಲ್ಲಿ ಪ್ರಕಟವಾಗುವುದು. ಅದು ನಮಗೆ ಹಿತವಾಗಿರಬಹುದು, ಕಹಿಯಾಗಿರಬಹುದು. ಹೇಗಿದ್ದರೂ ಹಿಂದಿನ ಸಾಲಿನಲ್ಲಿ ಕುಳಿತ ಹಿರಿಯರು "ನಾಳೆ ಬೆಳಗ್ಗೆ ಮಾಡಬೇಕಾದ್ದು ಏನು?" ಎಂದು ಕೇಳಿದಾಗ, ಈ ಬಾರಿ ನಾವು ತಲೆ ತಗ್ಗಿಸಿ ನಿಲ್ಲಬೇಕಾಗಿ ಬರಲಾರದೆಂದು ನಂಬಿದ್ದೇವೆ.